ಹೊಸ ಯಂತ್ರ ಕೊಳ್ಳುವ ಮುನ್ನ: ಸ್ಪ್ರೆಡ್‌ಶೀಟ್ ಸಾಕೇ, ಸಿಮ್ಯುಲೇಶನ್ ಬೇಕೇ?

ಉತ್ಪಾದನೆ ಹೆಚ್ಚಿಸಬೇಕೆಂಬ ಮಾತು ಬಂದ ಕೂಡಲೇ ಪ್ರಶ್ನೆಗಳು ಸಾಲುಗಟ್ಟುತ್ತವೆ. ಇನ್ನೊಂದು ಯಂತ್ರ ಬೇಕೇ? ಇರುವ ಯಂತ್ರಗಳಲ್ಲೇ ಒಂದು ಶಿಫ್ಟ್ ಸೇರಿಸಿದರೆ ಆಗುತ್ತದೆಯೇ? ಎರಡು ಯಂತ್ರಗಳ ನಡುವೆ ಮಾಲು ನಿಲ್ಲಲು ಎಷ್ಟು ಜಾಗ ಬಿಡಬೇಕು? ಒಬ್ಬ ಆಪರೇಟರ್ ಮೂರು ಯಂತ್ರಗಳನ್ನು ನೋಡಿಕೊಳ್ಳಬಲ್ಲನೇ? ಉತ್ತರ ಹುಡುಕಲು ಮುಖ್ಯವಾಗಿ ಎರಡು ದಾರಿಗಳಿವೆ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಕಟ್ಟುವುದು ಒಂದು. ಇಡೀ ಉತ್ಪಾದನಾ ಲೈನನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಸಿಮ್ಯುಲೇಶನ್ ಇನ್ನೊಂದು.

ಚಿಕ್ಕ ಘಟಕಕ್ಕೆ ಸ್ಪ್ರೆಡ್‌ಶೀಟ್, ದೊಡ್ಡ ಕಾರ್ಖಾನೆಗೆ ಸಿಮ್ಯುಲೇಶನ್ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ನಲವತ್ತು ಹಂತಗಳ ಅಸೆಂಬ್ಲಿ ಲೈನ್ ಒಂದೇ ಕನ್ವೇಯರ್‌ನ ವೇಗಕ್ಕೆ ಕಟ್ಟುಬಿದ್ದು ಸಾಗುತ್ತಿದ್ದರೆ ಅದರ ಲೆಕ್ಕ ಒಂದು ಹಾಳೆಯಲ್ಲಿ ಚೊಕ್ಕವಾಗಿ ಮುಗಿಯುತ್ತದೆ. ಅದೇ, ಅಕ್ಕಪಕ್ಕ ನಿಂತ ಎರಡೇ ಯಂತ್ರಗಳ ನಡುವೆ ಜಾಗವಿಲ್ಲದೆ ಒಂದರ ತಡ ಇನ್ನೊಂದಕ್ಕೆ ತಗಲುವಂತಿದ್ದರೆ ಹಾಳೆಯ ಉತ್ತರ ತಪ್ಪುತ್ತದೆ. ಯಂತ್ರಗಳು, ಮಾಲು ಮತ್ತು ಜನ ಒಬ್ಬರಿಗೊಬ್ಬರು ಎಷ್ಟು ಕಾಯುತ್ತಾರೆ ಎಂಬುದೇ ಇಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದ ಸಂಗತಿ. ಕಾರ್ಖಾನೆಯ ಗಾತ್ರಕ್ಕೆ ಎರಡನೇ ಸ್ಥಾನ.

ಕಾಲ ನಿಂತ ಹಾಳೆ, ಕಾಲ ಓಡುವ ಮಾದರಿ

ಸ್ಪ್ರೆಡ್‌ಶೀಟ್‌ನಲ್ಲಿ ಕಾಲ ಹರಿಯುವುದಿಲ್ಲ. ಒಂದು ಪೀಸಿಗೆ ಇಷ್ಟು ನಿಮಿಷ, ಒಂದು ಶಿಫ್ಟಿಗೆ ಇಷ್ಟು ನಿಮಿಷ, ನೂರಕ್ಕೆ ಇಷ್ಟು ರಿಜೆಕ್ಟ್ ಎಂದು ಸರಾಸರಿಗಳನ್ನು ಕೊಟ್ಟರೆ ಅದು ಗುಣಿಸಿ, ಭಾಗಿಸಿ ಉತ್ತರ ಕೊಡುತ್ತದೆ. ಎಂಟೂವರೆಗೆ ಯಾವ ಯಂತ್ರ ನಿಂತಿತು, ಅದರಿಂದ ಒಂಬತ್ತು ಗಂಟೆಗೆ ಯಾರು ಕೈಕಟ್ಟಿ ಕೂತರು ಎಂಬ ವಿವರ ಅದರೊಳಗೆ ಇಲ್ಲ.

ಸಿಮ್ಯುಲೇಶನ್‌ನ ಒಳಗೆ ಒಂದು ಗಡಿಯಾರವಿದೆ. ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಬಗೆಯಲ್ಲಿ ಆ ಗಡಿಯಾರ ಕ್ಷಣಕ್ಷಣಕ್ಕೂ ಟಿಕ್ ಎನ್ನದೆ ಒಂದು ಘಟನೆಯಿಂದ ಮುಂದಿನ ಘಟನೆಗೆ ಜಿಗಿಯುತ್ತದೆ: ಪೀಸ್ ಬಂತು, ಕೆಲಸ ಶುರುವಾಯಿತು, ಯಂತ್ರ ಕೆಟ್ಟಿತು, ರಿಪೇರಿ ಮುಗಿಯಿತು. ಪ್ರತಿ ಘಟನೆಯಲ್ಲೂ ಯಾರು ಬಿಡುವಾದರು, ಯಾರು ಕಾಯಬೇಕು ಎಂಬುದನ್ನು ಮಾದರಿ ನಿರ್ಧರಿಸುತ್ತದೆ. ಕೆಲಸದ ಅವಧಿಗಳನ್ನು ಒಂದೇ ಸರಾಸರಿಯಾಗಿ ಇಡದೆ, ಪ್ರತಿ ಸಲವೂ ಏರಿಳಿತದ ಒಂದು ಹಂಚಿಕೆಯಿಂದ (ಯಾವ ಅವಧಿ ಎಷ್ಟು ಸಲ ಬರುತ್ತದೆ ಎಂಬ ಚಿತ್ರದಿಂದ) ಆರಿಸಿಕೊಳ್ಳುತ್ತದೆ. ತಿಂಗಳ ಉತ್ಪಾದನೆ ಕೆಲವೇ ಕ್ಷಣಗಳಲ್ಲಿ ಓಡಿ ಮುಗಿಯುತ್ತದೆ.

ಸಿಮ್ಯುಲೇಶನ್ ಹೊಸಗಾಲದ ತಂತ್ರ, ಸ್ಪ್ರೆಡ್‌ಶೀಟ್ ಹಳೆಯದು ಎಂದು ಹಲವರು ನಂಬಿದ್ದಾರೆ. ನಿಜ ಇದಕ್ಕೆ ತದ್ವಿರುದ್ಧ. ಐಬಿಎಂನಲ್ಲಿ ಜೆಫ್ರಿ ಗಾರ್ಡನ್ ರೂಪಿಸಿದ ಜಿಪಿಎಸ್ಎಸ್ ಎಂಬ ಸಿಮ್ಯುಲೇಶನ್ ಭಾಷೆ ಹೊರಬಂದದ್ದು 1961ರಲ್ಲಿ. ಆಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಸಿಮ್ಯುಲಾ ಭಾಷೆಯನ್ನು ಕಟ್ಟಿದ್ದೂ ಅದೇ ದಶಕದಲ್ಲಿ. ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಬಂದದ್ದು 1979ರಲ್ಲಿ. ಕಾಯುವಿಕೆಯ ಲೆಕ್ಕ ಕೈಗೆ ಸಿಗುವುದಿಲ್ಲ ಎಂಬುದು ಆಗಲೇ ಎಂಜಿನಿಯರುಗಳನ್ನು ಕಾಡಿದ ಸಮಸ್ಯೆ.

ಎರಡು ಯಂತ್ರಗಳ ಲೆಕ್ಕ

ಇಡೀ ವಿಷಯದ ತಿರುಳು ಒಂದು ಪುಟ್ಟ ಉದಾಹರಣೆಯಲ್ಲಿದೆ, ಆದ್ದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದರ ಹಿಂದೆ ಒಂದು ಎರಡು ಯಂತ್ರಗಳು. ಪ್ರತಿಯೊಂದಕ್ಕೂ ಪೀಸೊಂದಕ್ಕೆ ಸರಾಸರಿ 1 ನಿಮಿಷ. ಮೊದಲ ಯಂತ್ರದ ಮುಂದೆ ಕಚ್ಚಾ ಮಾಲು ಎಂದೂ ಖಾಲಿಯಾಗುವುದಿಲ್ಲ, ಎರಡನೆಯದರಿಂದ ಹೊರಬಂದದ್ದನ್ನು ಕೂಡಲೇ ಒಯ್ಯುತ್ತಾರೆ. ಹಾಳೆಯ ಉತ್ತರ: ಗಂಟೆಗೆ 60.

ಈಗ ಕೆಲಸದ ಅವಧಿಯಲ್ಲಿ ಏರಿಳಿತವಿದೆ ಎಂದಿಟ್ಟುಕೊಳ್ಳಿ. ಗಣಿತದಲ್ಲಿ ಎಕ್ಸ್‌ಪೊನೆನ್ಶಿಯಲ್ ಎನ್ನುವ, ಸಾಕಷ್ಟು ಒರಟಾದ ಹಂಚಿಕೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಖಚಿತ ಸೂತ್ರವಿದೆ ಎಂಬುದೇ ಅದನ್ನು ಆರಿಸಲು ಕಾರಣ. ಎರಡು ಯಂತ್ರಗಳ ನಡುವೆ ಮಾಲು ನಿಲ್ಲಲು ಜಾಗವೇ ಇಲ್ಲದಿದ್ದರೆ ಹೊರಬರುವುದು ಪೂರ್ಣ ದರದ ಮೂರರಲ್ಲಿ ಎರಡು ಪಾಲು. ಅಂದರೆ ಗಂಟೆಗೆ 40. ಯಾವ ಯಂತ್ರವೂ ಕೆಟ್ಟಿಲ್ಲ, ಯಾರೂ ರಜೆ ಹಾಕಿಲ್ಲ, ಒಂದು ಪೀಸೂ ರಿಜೆಕ್ಟ್ ಆಗಿಲ್ಲ. ಆದರೂ ಇಪ್ಪತ್ತು ಪೀಸುಗಳು ಕಾಣೆ. ಅದೇ ಬಗೆಯ ಮೂರನೇ ಯಂತ್ರವನ್ನು ಸಾಲಿಗೆ ಸೇರಿಸಿದರೆ ಗಂಟೆಗೆ ಸುಮಾರು 34ಕ್ಕೆ ಇಳಿಯುತ್ತದೆ, ಹಾಳೆಯಲ್ಲಿ ಮಾತ್ರ 60 ಹಾಗೇ ಇರುತ್ತದೆ.

ಇನ್ನು ಎರಡು ಯಂತ್ರಗಳ ನಡುವೆ ಬಫರ್, ಅಂದರೆ ಮಾಲು ನಿಲ್ಲುವ ಜಾಗ, ಕೊಡಿ. ಒಂದು ಪೀಸಿಗೆ ಜಾಗ ಮಾಡಿದರೆ ಗಂಟೆಗೆ 45. ಐದಕ್ಕೆ ಮಾಡಿದರೆ 52.5. ಹತ್ತಕ್ಕೆ ಮಾಡಿದರೆ ಸುಮಾರು 55. ಮೊದಲ ಒಂದು ಜಾಗ ಐದು ಪೀಸುಗಳನ್ನು ಗಳಿಸಿಕೊಟ್ಟಿತು. ಕೊನೆಯ ಐದು ಜಾಗಗಳೆಲ್ಲ ಸೇರಿ ಮೂರನ್ನೂ ಕೊಡಲಿಲ್ಲ. ಬಫರ್ ಎಷ್ಟಿರಬೇಕು ಎಂಬ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಇದೇ, ಮತ್ತು ಸಾಮಾನ್ಯ ಸ್ಪ್ರೆಡ್‌ಶೀಟ್‌ನಲ್ಲಿ ಇದು ಇಣುಕುವುದೂ ಇಲ್ಲ.

ಕಾರಣ ಸರಳ. ಮೊದಲ ಯಂತ್ರ ಒಂದು ಪೀಸನ್ನು ಬೇಗ ಮುಗಿಸಿದರೆ ಉಳಿದ ಸಮಯ ಮುಂದಕ್ಕೆ ದಾಟುವುದಿಲ್ಲ. ಮುಂದಿನ ಯಂತ್ರ ಇನ್ನೂ ಹಳೆಯ ಪೀಸಿನಲ್ಲೇ ಇರುತ್ತದೆ, ಮೊದಲನೆಯದು ಮುಗಿದ ಪೀಸನ್ನು ಹಿಡಿದು ನಿಲ್ಲುತ್ತದೆ. ತಡ ಮಾಡಿದರೆ ಮಾತ್ರ ಆ ತಡ ಹಾಗೇ ಮುಂದಕ್ಕೆ ಸಾಗುತ್ತದೆ. ಲಾಭ ಅಲ್ಲೇ ಕರಗಿ, ನಷ್ಟ ಮಾತ್ರ ದಾಟುವ ಈ ವ್ಯವಸ್ಥೆಯಲ್ಲಿ ಸರಾಸರಿಗಳನ್ನು ಗುಣಿಸಿದರೆ ಸರಾಸರಿ ಸಿಗುವುದಿಲ್ಲ. ನಿಜವಾದ ಯಂತ್ರಗಳು ಎಕ್ಸ್‌ಪೊನೆನ್ಶಿಯಲ್‌ನಷ್ಟು ಒರಟಾಗಿರುವುದು ಅಪರೂಪ, ಹಾಗಾಗಿ ನಿಜವಾದ ನಷ್ಟ ಇಷ್ಟಿರಲಾರದು. ಆದರೆ ನಷ್ಟದ ದಿಕ್ಕು ಬದಲಾಗದು. ಸರಾಸರಿಗಳ ಮೇಲೆ ನಿಂತ ಹಾಳೆ ಲೈನಿನ ಉತ್ಪಾದನೆಯನ್ನು ಅಂದಾಜು ಮಾಡುವಾಗ ತಪ್ಪಿದರೆ ಹೆಚ್ಚಿನ ಕಡೆಗೇ ತಪ್ಪುತ್ತದೆ. ಎರಡೂ ಕಡೆಗೆ ಸಮನಾಗಿ ತಪ್ಪುವ ಅಳತೆಯನ್ನು ಹೇಗೋ ನಿಭಾಯಿಸಬಹುದು. ಸದಾ ಆಸೆ ತೋರಿಸುವ ಅಳತೆಯನ್ನು ನಂಬಿ ಗ್ರಾಹಕರಿಗೆ ದಿನಾಂಕ ಕೊಡುವವರು ಪ್ರತಿ ತಿಂಗಳೂ ತಲೆ ತಗ್ಗಿಸಬೇಕಾಗುತ್ತದೆ. ನನಗೆ ಈ ವಿಷಯ ಇಷ್ಟು ಮುಖ್ಯವೆನಿಸುವುದು ಅದಕ್ಕಾಗಿಯೇ: ಹಾಳೆಯ 60 ಮುಟ್ಟದಿದ್ದಾಗ ಬೈಗುಳ ಬೀಳುವುದು ಲೈನಿನಲ್ಲಿ ನಿಂತವರಿಗೆ, ಹಾಳೆಗಲ್ಲ.

ಒಂದೇ 90 ಪ್ರತಿಶತ, ಎರಡು ಬಗೆಯ ಯಂತ್ರ

ಇದೇ ಎಳೆಯ ಇನ್ನೊಂದು ಉದಾಹರಣೆ ಬ್ರೇಕ್‌ಡೌನ್. ಒಂದು ಯಂತ್ರ 9 ಗಂಟೆ ಓಡಿ 1 ಗಂಟೆ ನಿಲ್ಲುತ್ತದೆ. ಇನ್ನೊಂದು 90 ಗಂಟೆ ಓಡಿ 10 ಗಂಟೆ ನಿಲ್ಲುತ್ತದೆ. ಹಾಳೆಯಲ್ಲಿ ಎರಡಕ್ಕೂ ಒಂದೇ ಅಂಕಿ: ಲಭ್ಯತೆ 90 ಪ್ರತಿಶತ. ಮುಂದಿನ ಹಂತಕ್ಕೆ ಒಂದು ಗಂಟೆಗೆ ಸಾಲುವಷ್ಟು ಮಾಲು ಬಫರಿನಲ್ಲಿದೆ, ಯಂತ್ರ ಓಡುವಾಗ ಅದನ್ನು ಮತ್ತೆ ತುಂಬುವಷ್ಟು ಶಕ್ತಿಯೂ ಇದೆ ಎಂದಿಟ್ಟುಕೊಳ್ಳಿ. ಮೊದಲ ಯಂತ್ರ ನಿಂತದ್ದು ಮುಂದಿನವರಿಗೆ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಎರಡನೆಯದು ನಿಂತಾಗ ಬಫರ್ ಒಂದು ಗಂಟೆಯಲ್ಲಿ ಬರಿದಾಗಿ, ಉಳಿದ ಒಂಬತ್ತು ಗಂಟೆ ಮುಂದಿನ ಹಂತಗಳೆಲ್ಲ ಸುಮ್ಮನೆ ನಿಲ್ಲುತ್ತವೆ. ಯಾವ ಯಂತ್ರದ ಮೇಲೆ ಹಣ ಹಾಕಬೇಕು, ಬಿಡಿಭಾಗಗಳನ್ನು ಸಂಗ್ರಹಿಸಿ ರಿಪೇರಿ ಬೇಗ ಮುಗಿಸುವುದೋ ಅಥವಾ ಬಫರ್ ದೊಡ್ಡದು ಮಾಡುವುದೋ ಎಂಬುದು ಈ ವ್ಯತ್ಯಾಸದಲ್ಲಿದೆ. ಲಭ್ಯತೆಯನ್ನು ಒಂದೇ ಪ್ರತಿಶತವಾಗಿ ಬರೆದ ಕ್ಷಣ ಅದು ಕಳೆದುಹೋಗುತ್ತದೆ.

ಹಾಳೆಯ ಪರವಾಗಿ

ಇಷ್ಟು ಓದಿ ಸ್ಪ್ರೆಡ್‌ಶೀಟ್ ಕೈಬಿಡುವವರು ದೊಡ್ಡ ತಪ್ಪು ಮಾಡುತ್ತಾರೆ. ವೆಚ್ಚದ ಲೆಕ್ಕ, ಹೂಡಿಕೆ ಎಷ್ಟು ವರ್ಷಗಳಲ್ಲಿ ಮರಳುತ್ತದೆ ಎಂಬ ಲೆಕ್ಕ, ಕಚ್ಚಾ ಮಾಲಿನ ಅಗತ್ಯ, ಯಾವ ಉತ್ಪನ್ನ ಎಷ್ಟು ಮಾಡಿದರೆ ಯಂತ್ರಗಳ ಒಟ್ಟು ಗಂಟೆಗಳು ಸಾಲುತ್ತವೆ ಎಂಬ ಲೆಕ್ಕ, ಇವೆಲ್ಲ ಹಾಳೆಯ ಕೆಲಸ. ಇವಕ್ಕೆ ಸಿಮ್ಯುಲೇಶನ್ ಕಟ್ಟುವುದು ಸಮಯ ಹಾಳು. ಹಾಳೆಯನ್ನು ಯಾರು ಬೇಕಾದರೂ ತೆರೆದು ಓದಬಹುದು, ಸಭೆಯಲ್ಲಿ ಕೂತಲ್ಲೇ ಒಂದು ಅಂಕಿ ಬದಲಿಸಿ ಫಲ ನೋಡಬಹುದು. ಈ ಗುಣಕ್ಕೆ ಬೆಲೆ ಕಟ್ಟಲಾಗದು.

ಹಾಳೆಯ ಉತ್ತರವನ್ನು ಓದುವ ಬಗೆ ಮಾತ್ರ ಗೊತ್ತಿರಬೇಕು. ದಿನಕ್ಕೆ 900 ಒಳ್ಳೆಯ ಪೀಸುಗಳು ಬೇಕು. ಒಂದಕ್ಕೆ 1.6 ನಿಮಿಷ. ಎರಡು ಶಿಫ್ಟುಗಳಿಂದ ಸಿಗುವುದು 900 ನಿಮಿಷ, ಲಭ್ಯತೆ 85 ಪ್ರತಿಶತ, ನೂರಕ್ಕೆ 96 ಪೀಸುಗಳು ಒಳ್ಳೆಯವು. ಒಂದು ಯಂತ್ರ ದಿನಕ್ಕೆ ಸುಮಾರು 459 ಒಳ್ಳೆಯ ಪೀಸುಗಳನ್ನು ಕೊಡುತ್ತದೆ; 900ಕ್ಕೆ ಬೇಕಾದದ್ದು 1.96 ಯಂತ್ರ. ಹಾಳೆ ಅದನ್ನು ಮೇಲಕ್ಕೆ ಸರಿಮಾಡಿ 2 ಎನ್ನುತ್ತದೆ, ನೋಡುವವರು ನಿಶ್ಚಿಂತೆಯಿಂದ ಖರೀದಿ ಆದೇಶ ಬರೆಯುತ್ತಾರೆ. ಆದರೆ 1.96ನ್ನು 2ರಿಂದ ಭಾಗಿಸಿದರೆ ಹೊರೆ 98 ಪ್ರತಿಶತ. ಆ ಎರಡು ಯಂತ್ರಗಳ ಮುಂದೆ ಮಾಲು ಗುಡ್ಡೆ ಬೀಳುವುದು ಖಚಿತ.

ಅದೇ ಲೆಕ್ಕ 1.3 ಎಂದಿದ್ದರೆ? ಎರಡು ಯಂತ್ರ ಕೊಳ್ಳಿ, ಸಿಮ್ಯುಲೇಶನ್ ಬೇಡ. 2.3 ಎಂದಿದ್ದರೆ? ಎರಡು ಯಂತ್ರಗಳಲ್ಲಿ ಮುಗಿಸುವ ಆಸೆ ಬಿಡಿ. ಏರಿಳಿತವೇ ಇಲ್ಲದ, ಎಲ್ಲವೂ ಸರಿಯಾಗಿ ನಡೆಯುವ ಲೋಕದಲ್ಲೇ ಸಾಲದ್ದನ್ನು ಯಾವ ಸಿಮ್ಯುಲೇಶನ್ ಕೂಡ ಸಾಲಿಸಿಕೊಡದು. ಹಾಳೆ ಆಶಾವಾದಿ ಎಂಬ ಸಂಗತಿಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅದು ಆಗದು ಎಂದರೆ ಆಗುವುದೇ ಇಲ್ಲ. ಆಗುತ್ತದೆ ಎಂದಾಗ ಮಾತ್ರ ಎಷ್ಟು ಸಡಿಲವಿದೆ ಎಂದು ನೋಡಬೇಕು. ನಾನು ಇಟ್ಟುಕೊಳ್ಳುವ ಗೆರೆ 85 ಪ್ರತಿಶತ. ಹೊರೆ ಅದಕ್ಕಿಂತ ಕೆಳಗಿದ್ದು, ಹಂತಗಳ ನಡುವೆ ಧಾರಾಳ ಜಾಗವಿದ್ದರೆ ಹಾಳೆಯನ್ನು ನಂಬುತ್ತೇನೆ. ಗೆರೆ ದಾಟಿದರೆ ಅಲ್ಲಿಗೆ ನಿಲ್ಲಿಸುವುದಿಲ್ಲ.

85 ಎಲ್ಲಿಂದ ಬಂತು ಎಂದು ಕೇಳಬಹುದು. ಇದು ಯಾವ ನಿಯಮಪುಸ್ತಕದ ಅಂಕಿಯೂ ಅಲ್ಲ, ಸರದಿಯ ಗಣಿತವನ್ನು ನೋಡಿ ಆರಿಸಿಕೊಂಡದ್ದು. ಒಂದು ಯಂತ್ರದ ಮುಂದಿನ ಕಾಯುವಿಕೆ ಹೊರೆಯೊಂದಿಗೆ ನೇರ ಗೆರೆಯಲ್ಲಿ ಏರುವುದಿಲ್ಲ. ಹೊರೆಯನ್ನು ಉಳಿದ ಬಿಡುವಿನಿಂದ ಭಾಗಿಸಿ ನೋಡಿ: 80 ಪ್ರತಿಶತದಲ್ಲಿ 4, 90ರಲ್ಲಿ 9, 95ರಲ್ಲಿ 19. ಈ ಸಂಖ್ಯೆಯನ್ನು ಏರಿಳಿತದ ಒಂದು ಅಳತೆಯಿಂದಲೂ ಒಂದು ಕೆಲಸದ ಸರಾಸರಿ ಅವಧಿಯಿಂದಲೂ ಗುಣಿಸಿದರೆ ಸರಾಸರಿ ಕಾಯುವಿಕೆಯ ಅಂದಾಜು ಸಿಗುತ್ತದೆ. ಬ್ರಿಟನ್ನಿನ ಗಣಿತಜ್ಞ ಜಾನ್ ಕಿಂಗ್‌ಮನ್ 1961ರಲ್ಲಿ ಕೊಟ್ಟ ಸೂತ್ರವಿದು. ಏರಿಳಿತದ ಅಳತೆ 1 ಇರುವ, ಅರ್ಧ ಗಂಟೆಯ ಕೆಲಸಕ್ಕೆ ಹೊರೆ 80ರಲ್ಲಿ 2 ಗಂಟೆ ಕಾಯಬೇಕು, 90ರಲ್ಲಿ ನಾಲ್ಕೂವರೆ ಗಂಟೆ, 95ರಲ್ಲಿ ಒಂಬತ್ತೂವರೆ ಗಂಟೆ. ಯಂತ್ರವನ್ನು ಒಂದು ನಿಮಿಷವೂ ಖಾಲಿ ಬಿಡಬಾರದು ಎಂದು ಹಟ ಹಿಡಿಯುವ ಮೇಲ್ವಿಚಾರಕರಿಗೆ ಈ ಮೂರು ಅಂಕಿಗಳನ್ನು ತೋರಿಸಬೇಕು. ಏರಿಳಿತವನ್ನು ಅರ್ಧಕ್ಕೆ ಇಳಿಸಿದರೆ ಕಾಯುವಿಕೆಯೂ ಇಳಿಯುತ್ತದೆ ಎಂಬುದನ್ನೂ ಇದೇ ಸೂತ್ರ ಹೇಳುತ್ತದೆ. ಹೊಸ ಯಂತ್ರಕ್ಕಿಂತ ಅಗ್ಗದ ದಾರಿ ಎಷ್ಟೋ ಸಲ ಅದೇ ಆಗಿರುತ್ತದೆ.

ಈ ಸೂತ್ರ ಎಕ್ಸೆಲ್‌ನ ಒಂದೇ ಕೋಶದಲ್ಲಿ ಕೂರುತ್ತದೆ. ಅದೇ ವರ್ಷ ಅಮೆರಿಕದ ಸಂಶೋಧಕ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮವೂ ಹಾಗೆಯೇ: ಒಳಗಿರುವ ಒಟ್ಟು ಮಾಲು ಎಂದರೆ ಹೊರಬರುವ ದರ ಗುಣಿಸು ಒಂದು ಪೀಸ್ ಒಳಗೆ ಕಳೆಯುವ ಸಮಯ. ಗಂಟೆಗೆ 20 ಪೀಸುಗಳು ಹೊರಬರುತ್ತಿದ್ದು, ಒಂದೊಂದೂ ಒಳಗೆ 6 ಗಂಟೆ ಇದ್ದರೆ ನೆಲದ ಮೇಲೆ ಸರಾಸರಿ 120 ಪೀಸುಗಳಿರಬೇಕು. ಎಣಿಸಿದಾಗ 200 ಸಿಕ್ಕರೆ ಯಾರೋ ಕೊಟ್ಟ ಸಮಯ ತಪ್ಪು. ಈ ಎರಡು ಸೂತ್ರಗಳನ್ನು ಸೇರಿಸಿಕೊಂಡ ಹಾಳೆ, ಬರೀ ಸರಾಸರಿಗಳ ಹಾಳೆಗಿಂತ ಬಹಳ ಮುಂದೆ ಹೋಗುತ್ತದೆ.

ನಡುದಾರಿ: ಹಾಳೆಯೊಳಗೇ ಲೈನ್ ಓಡಿಸುವುದು

ಸಿಮ್ಯುಲೇಶನ್ ಸಾಫ್ಟ್‌ವೇರ್ ಇಲ್ಲದವರೂ ಸರಳ ಲೈನೊಂದನ್ನು ಸ್ಪ್ರೆಡ್‌ಶೀಟ್‌ನಲ್ಲೇ ಓಡಿಸಬಹುದು. ಇದನ್ನು ಬಲ್ಲವರು ಕಡಿಮೆ, ಆದ್ದರಿಂದ ವಿವರಿಸುತ್ತೇನೆ. ಸಾಲಿಗೊಂದು ಪೀಸ್, ಕಂಬಕ್ಕೊಂದು (ಕಾಲಮ್ಮಿಗೊಂದು) ಯಂತ್ರ. ಒಂದು ಪೀಸಿನ ಕೆಲಸ ಒಂದು ಯಂತ್ರದಲ್ಲಿ ಶುರುವಾಗಲು ಎರಡು ಸಂಗತಿಗಳು ಆಗಿರಬೇಕು: ಆ ಪೀಸ್ ಹಿಂದಿನ ಯಂತ್ರವನ್ನು ಬಿಟ್ಟಿರಬೇಕು, ಅದಕ್ಕಿಂತ ಮೊದಲು ಬಂದ ಪೀಸ್ ಈ ಯಂತ್ರವನ್ನು ಬಿಟ್ಟಿರಬೇಕು. ಎರಡರಲ್ಲಿ ತಡವಾದದ್ದೇ ಶುರುವಿನ ಹೊತ್ತು. ಮ್ಯಾಕ್ಸ್ ಎಂಬ ಫಂಕ್ಷನ್ ಸಾಕು. ಅದಕ್ಕೆ ಕೆಲಸದ ಅವಧಿ ಕೂಡಿಸಿದರೆ ಮುಗಿದ ಹೊತ್ತು.

ಬಫರ್ ತುಂಬಿ ಪೀಸ್ ಯಂತ್ರದಲ್ಲೇ ಸಿಕ್ಕಿಕೊಳ್ಳುವುದನ್ನೂ ಸೇರಿಸಬಹುದು. ಎರಡು ಯಂತ್ರಗಳ ನಡುವೆ ಎರಡು ಪೀಸುಗಳಿಗಷ್ಟೇ ಜಾಗವಿದ್ದರೆ, 10ನೇ ಪೀಸ್ ಮೊದಲ ಯಂತ್ರವನ್ನು ಬಿಡುವ ಹೊತ್ತಿಗೆ 7ನೇ ಪೀಸ್ ಎರಡನೇ ಯಂತ್ರವನ್ನು ಬಿಟ್ಟಿರಬೇಕು. ಅದಕ್ಕೂ ಇನ್ನೊಂದು ಮ್ಯಾಕ್ಸ್. ಕೆಲಸದ ಅವಧಿಯನ್ನು, ಯಾದೃಚ್ಛಿಕ (ಲಾಟರಿಯಂತೆ ಬರುವ) ಸಂಖ್ಯೆ ಕೊಡುವ ರ್‍ಯಾಂಡ್ ಫಂಕ್ಷನ್‌ನಿಂದ ಆರಿಸಿಕೊಂಡು ಐದು ಸಾವಿರ ಸಾಲುಗಳ ಕೆಳಗೆ ಎಳೆದರೆ ಕೈಯಲ್ಲಿ ನಿಜವಾದ ಸಿಮ್ಯುಲೇಶನ್ ಇರುತ್ತದೆ. ಮೇಲೆ ಹೇಳಿದ 40, 45, 52.5ರ ಅಂಕಿಗಳನ್ನು ಹೀಗೆ ಮಾಡಿ ನೀವೇ ಪರೀಕ್ಷಿಸಬಹುದು. ಹಾಗೆ ಮಾಡಿ ನೋಡಿದವರಿಗೆ ಬಫರ್ ವಿಷಯದಲ್ಲಿ ಬೇರೆ ಯಾವ ಪಾಠವೂ ಬೇಕಾಗುವುದಿಲ್ಲ.

ಈ ದಾರಿ ಎಲ್ಲಿಯವರೆಗೆ? ಪೀಸುಗಳು ಒಂದೇ ಕ್ರಮದಲ್ಲಿ, ಒಂದನ್ನೊಂದು ದಾಟದೆ ಸಾಗುವವರೆಗೆ. ತುರ್ತು ಆರ್ಡರ್ ನಡುವೆ ನುಗ್ಗಿದರೆ, ಕೆಟ್ಟ ಪೀಸ್ ಹಿಂದಿನ ಹಂತಕ್ಕೆ ರೀವರ್ಕ್‌ಗೆ ಮರಳಿದರೆ, ಒಬ್ಬ ಆಪರೇಟರ್ ಮೂರು ಯಂತ್ರಗಳ ನಡುವೆ ಓಡಾಡಿದರೆ, ಕೆಲಸದ ನಡುವೆ ಯಂತ್ರ ನಿಂತು ಅರ್ಧ ಮುಗಿದ ಪೀಸ್ ಕಾದರೆ, ಸಾಲು-ಕಂಬಗಳ ಕಟ್ಟು ಬಿಚ್ಚಿಹೋಗುತ್ತದೆ. ಮ್ಯಾಕ್ರೋಗಳನ್ನು (ಹಾಳೆಯೊಳಗೆ ಬರೆಯುವ ಚಿಕ್ಕ ಪ್ರೋಗ್ರಾಂಗಳನ್ನು) ಹೆಣೆದು ಆ ಕಟ್ಟನ್ನು ಹಿಡಿದಿಡಲು ಪ್ರಯತ್ನಿಸುವವರು ಕೊನೆಗೆ ತಾವೇ ಒಂದು ಸಿಮ್ಯುಲೇಶನ್ ಸಾಫ್ಟ್‌ವೇರ್ ಬರೆಯುತ್ತಿರುತ್ತಾರೆ, ಅದೂ ಬೇರೆ ಯಾರಿಗೂ ಅರ್ಥವಾಗದಂತೆ. ಆ ಹಂತದಲ್ಲಿ ಸಾಧನ ಬದಲಿಸಿ.

ಸ್ಪ್ರೆಡ್‌ಶೀಟ್‌ನ ತಪ್ಪುಗಳು ಮೌನವಾಗಿ ಕೂರುತ್ತವೆ ಎಂಬುದನ್ನೂ ಮರೆಯಬಾರದು. 2020ರಲ್ಲಿ ಇಂಗ್ಲೆಂಡಿನಲ್ಲಿ ಹತ್ತಿರಹತ್ತಿರ 16,000 ಕೋವಿಡ್ ಪ್ರಕರಣಗಳು ದೈನಂದಿನ ವರದಿಯಿಂದ ಬಿಟ್ಟುಹೋದವು. ಬಳಸಿದ ಹಳೆಯ ಎಕ್ಸೆಲ್ ಕಡತಕ್ಕೆ 65,536 ಸಾಲುಗಳ ಮಿತಿಯಿತ್ತು. ಈಗಿನ ಕಡತಗಳ ಮಿತಿ 10,48,576 ಸಾಲು. ಮಿತಿ ಬೆಳೆದಿದೆ, ಆದರೆ ಸೂತ್ರ ಎಳೆಯುವಾಗ ಕೊನೆಯ ನಾಲ್ಕು ಸಾಲುಗಳು ತಪ್ಪಿದರೆ ಈಗಲೂ ಯಾವ ಗಂಟೆಯೂ ಬಾರಿಸುವುದಿಲ್ಲ.

ಸಿಮ್ಯುಲೇಶನ್ ಕೇಳುವ ಬೆಲೆ

ಸಾಫ್ಟ್‌ವೇರ್‌ಗಳ ಕೊರತೆಯಿಲ್ಲ. ಅರೀನಾ, ಸಿಮ್ಯುಲ್8, ಎನಿಲಾಜಿಕ್, ಫ್ಲೆಕ್ಸ್‌ಸಿಮ್, ವಿಟ್ನೆಸ್, ಸೀಮೆನ್ಸ್‌ನ ಪ್ಲಾಂಟ್ ಸಿಮ್ಯುಲೇಶನ್ ಹಣ ಕೊಟ್ಟು ಪಡೆಯುವಂಥವು. ಪೈಥಾನ್ ಬರೆಯಬಲ್ಲವರಿಗೆ ಸಿಮ್‌ಪೈ ಎಂಬ ಲೈಬ್ರರಿ, ಚಿತ್ರ ಎಳೆದು ಕಟ್ಟಬಯಸುವವರಿಗೆ ಜಾಮ್‌ಸಿಮ್ ಉಚಿತವಾಗಿ ಸಿಗುತ್ತವೆ. ಯಾವುದನ್ನು ಆರಿಸಬೇಕು ಎಂಬುದರ ಮೇಲೆ ತಿಂಗಳುಗಟ್ಟಲೆ ಚರ್ಚಿಸುವುದು ವ್ಯರ್ಥ. ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತಿರುವುದೇ ಒಳ್ಳೆಯದು.

ನಿಜವಾದ ಬೆಲೆ ತೆರಬೇಕಾದದ್ದು ಮಾಹಿತಿಗೆ. ಹಾಳೆಗೆ ಸರಾಸರಿ ಸಾಕು. ಸಿಮ್ಯುಲೇಶನ್‌ಗೆ ಪ್ರತಿ ಕೆಲಸದ ಅವಧಿ ಬೇಕು, ಪ್ರತಿ ನಿಲುಗಡೆ ಶುರುವಾದ ಹೊತ್ತು, ಮುಗಿದ ಹೊತ್ತು, ಕಾರಣ ಬೇಕು. ಇಲ್ಲಿ ಹಲವರು ಬೀಳುವ ಒಂದು ಹಳ್ಳವಿದೆ. ಯಂತ್ರದ ದಾಖಲೆಯಲ್ಲಿ "ನಿಂತಿದೆ" ಎಂದು ಇರುವುದೆಲ್ಲ ಕೆಟ್ಟು ನಿಂತದ್ದಲ್ಲ. ಹಿಂದಿನಿಂದ ಮಾಲು ಬರದೆ ನಿಂತದ್ದು, ಮುಂದೆ ಜಾಗವಿಲ್ಲದೆ ನಿಂತದ್ದು, ಆಪರೇಟರ್ ಬೇರೆಡೆ ಇದ್ದದ್ದು, ಎಲ್ಲವೂ ಒಂದೇ ಹೆಸರಿನಲ್ಲಿ ದಾಖಲಾಗಿರುತ್ತದೆ. ಅದನ್ನೆಲ್ಲ ಬ್ರೇಕ್‌ಡೌನ್ ಎಂದು ಮಾದರಿಗೆ ಕೊಟ್ಟರೆ, ಮಾದರಿ ತಾನೇ ಹುಟ್ಟಿಸುವ ಕಾಯುವಿಕೆಯೂ ಸೇರಿ ಒಂದೇ ನಷ್ಟ ಎರಡು ಸಲ ಎಣಿಕೆಯಾಗುತ್ತದೆ. ಕಾಯುವಿಕೆಯನ್ನು ಮಾದರಿ ಲೆಕ್ಕ ಹಾಕಲಿ. ನಾವು ಕೊಡಬೇಕಾದದ್ದು ಯಂತ್ರದ ಸ್ವಂತ ದೋಷಗಳನ್ನು ಮಾತ್ರ.

ದಾಖಲೆಯೇ ಇಲ್ಲದಿದ್ದರೆ ಆ ಯಂತ್ರದಲ್ಲಿ ಕೆಲಸ ಮಾಡುವವರನ್ನು ಕೇಳಬೇಕು: ಅತಿ ಕಡಿಮೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಅತಿ ಹೆಚ್ಚು ಎಷ್ಟು. ಈ ಮೂರು ಅಂಕಿಗಳಿಂದ ತ್ರಿಕೋನ ಹಂಚಿಕೆಯೊಂದನ್ನು ಕಟ್ಟಬಹುದು, ಆರಂಭಕ್ಕೆ ಅದು ಸಾಕು. ರಿಪೇರಿಯ ಸಮಯಕ್ಕೆ ಗಂಟೆಯಾಕಾರದ ನಾರ್ಮಲ್ ಹಂಚಿಕೆ ಬಳಸಬೇಡಿ. ರಿಪೇರಿಗಳಲ್ಲಿ ಹೆಚ್ಚಿನವು ಬೇಗ ಮುಗಿಯುತ್ತವೆ, ಕೆಲವು ಮಾತ್ರ ಬಹಳ ಎಳೆಯುತ್ತವೆ; ಆ ಉದ್ದದ ಬಾಲವನ್ನು ನಾರ್ಮಲ್ ಹಂಚಿಕೆ ತೋರಿಸದು, ಜೊತೆಗೆ ಸೊನ್ನೆಗಿಂತ ಕಡಿಮೆ ಸಮಯವನ್ನೂ ಕೊಟ್ಟೀತು. ಅಂಥ ಕಡೆ ಉದ್ದ ಬಾಲವಿರುವ, ಸೊನ್ನೆಗಿಂತ ಕೆಳಗಿಳಿಯದ ಲಾಗ್‌ನಾರ್ಮಲ್ ಹಂಚಿಕೆ ಹೊಂದುತ್ತದೆ.

ಮಾದರಿ ತಯಾರಾದ ಮೇಲೂ ಒಂದು ಸಲ ಓಡಿಸಿ ಬಂದ ಅಂಕಿಯನ್ನು ಉತ್ತರವೆಂದು ಹಿಡಿಯುವಂತಿಲ್ಲ. ಅದು ನಡೆಯಬಹುದಾದ ಎಷ್ಟೋ ತಿಂಗಳುಗಳಲ್ಲಿ ಒಂದು ತಿಂಗಳು ಮಾತ್ರ. ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಗಳಿಂದ ಹತ್ತಿಪ್ಪತ್ತು ಸಲ ಓಡಿಸಿ ವ್ಯಾಪ್ತಿ ನೋಡಬೇಕು. ಅವುಗಳ ಸರಾಸರಿಯಲ್ಲಿರುವ ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಬೇಕೆಂದರೆ ನಾಲ್ಕು ಪಟ್ಟು ಸಲ ಓಡಿಸಬೇಕಾಗುತ್ತದೆ. ಖಾಲಿ ಕಾರ್ಖಾನೆಯಿಂದ ಶುರುವಾಗುವ ಮೊದಲ ಕೆಲವು ಗಂಟೆಗಳಲ್ಲಿ ಸರದಿಗಳು ಇನ್ನೂ ತುಂಬಿರುವುದಿಲ್ಲ, ಆ ಭಾಗವನ್ನು ಫಲಿತಾಂಶದಿಂದ ಕೈಬಿಡಬೇಕು. ಎರಡು ಯೋಜನೆಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಯಾದೃಚ್ಛಿಕ ಸಂಖ್ಯೆಗಳನ್ನು ಕೊಡಬೇಕು. ಆಗ ಕಾಣುವ ವ್ಯತ್ಯಾಸ ಯೋಜನೆಗಳದ್ದು, ಅದೃಷ್ಟದ್ದಲ್ಲ.

ಅನಿಮೇಶನ್ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ಪರದೆಯ ಮೇಲೆ ಪೆಟ್ಟಿಗೆಗಳು ಸಾಗುವುದು, ಫೋರ್ಕ್‌ಲಿಫ್ಟ್ ತಿರುಗುವುದು ನೋಡಲು ಬಹಳ ಚೆಂದ. ಲೈನಿನಲ್ಲಿ ಕೆಲಸ ಮಾಡುವವರು ಅದನ್ನು ನೋಡಿ "ಇಲ್ಲಿ ಹೀಗಾಗುವುದಿಲ್ಲ" ಎಂದು ತಪ್ಪು ಹಿಡಿಯುತ್ತಾರಲ್ಲ, ಅದು ಅನಿಮೇಶನ್‌ನ ದೊಡ್ಡ ಉಪಕಾರ. ಆದರೆ ಹಣ ಮಂಜೂರು ಮಾಡುವವರು ಅದನ್ನೇ ಸಾಕ್ಷಿ ಎಂದು ಒಪ್ಪಿಬಿಡುತ್ತಾರೆ. ಮಾದರಿಗೆ ಬೇರೆ ಎರಡು ಪರೀಕ್ಷೆಗಳು ಬೇಕು. ಮೊದಲನೆಯದು, ಎಲ್ಲ ಏರಿಳಿತವನ್ನೂ ಬ್ರೇಕ್‌ಡೌನನ್ನೂ ತೆಗೆದು ಓಡಿಸುವುದು. ಆಗ ಬರುವ ಉತ್ತರ, ಬ್ರೇಕ್‌ಡೌನ್ ತೆಗೆದ ಹಾಳೆಯ ಉತ್ತರಕ್ಕೆ ಹೊಂದಲೇಬೇಕು. ಹೊಂದದಿದ್ದರೆ ಎರಡರಲ್ಲಿ ಒಂದು ತಪ್ಪು, ಅದನ್ನು ಹುಡುಕದೆ ಮುಂದೆ ಹೋಗಬಾರದು. ಎರಡನೆಯದು, ಇಂದಿನ ಲೈನನ್ನು ಇದ್ದಂತೆಯೇ ಕಟ್ಟಿ, ಕಳೆದ ಕೆಲವು ತಿಂಗಳುಗಳ ನಿಜವಾದ ಉತ್ಪಾದನೆಯೊಂದಿಗೂ ನೆಲದ ಮೇಲಿದ್ದ ಮಾಲಿನೊಂದಿಗೂ ತಾಳೆ ನೋಡುವುದು. ಇಂದಿನದನ್ನೇ ತೋರಿಸಲಾಗದ ಮಾದರಿಯಿಂದ ಮುಂದಿನ ವರ್ಷದ ಮಾತು ಕೇಳಬಾರದು.

ಹಾಗಾದರೆ ಯಾವುದನ್ನು ಆರಿಸಬೇಕು?

ಯಾವಾಗಲೂ ಹಾಳೆಯಿಂದಲೇ ಶುರು ಮಾಡಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಮೊದಲ ದಿನವೇ ಸಿಮ್ಯುಲೇಶನ್ ತೆರೆಯುವವರು ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳುವ ಮುನ್ನವೇ ಉತ್ತರದ ವಿವರಗಳಲ್ಲಿ ಮುಳುಗುತ್ತಾರೆ. ಹಾಳೆ ಕಟ್ಟಿದಾಗ ಯಾವ ಯಂತ್ರ ಬಿಗಿ, ಯಾವುದು ಸಡಿಲ ಎಂಬುದು ಒಂದೆರಡು ದಿನಗಳಲ್ಲಿ ಗೊತ್ತಾಗುತ್ತದೆ, ಎಷ್ಟೋ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ನೋಡಬೇಕಾದದ್ದು ನಿರ್ಧಾರವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂಬುದು. ಶಿಫ್ಟ್ ಬದಲಿಸುವುದು, ಆಪರೇಟರುಗಳ ಹಂಚಿಕೆ ಬದಲಿಸುವುದು, ಒಂದು ಟ್ರಾಲಿ ಹೆಚ್ಚು ಇಡುವುದು, ಇವನ್ನು ಲೈನಿನಲ್ಲೇ ಒಂದು ವಾರ ಮಾಡಿ ನೋಡಬಹುದು; ನಿಜವಾದ ಲೈನಿಗಿಂತ ನಿಖರವಾದ ಮಾದರಿ ಇಲ್ಲ. ನೆಲಕ್ಕೆ ಕಾಂಕ್ರೀಟ್ ಸುರಿದು ಯಂತ್ರ ಕೂರಿಸಿದ ಮೇಲೆ ನಡುವಿನ ಜಾಗವನ್ನು ಬದಲಿಸಲಾಗದು. ವಿನ್ಯಾಸ ಹೊಸದಾಗಿದ್ದರೆ, ಸ್ವಯಂಚಾಲಿತ ಸಾಗಣೆ ವ್ಯವಸ್ಥೆ ಬರಲಿದ್ದರೆ, ದೊಡ್ಡ ಕುಲುಮೆಯಂತೆ ಬ್ಯಾಚು ತುಂಬುವವರೆಗೆ ಕಾಯುವ ಯಂತ್ರ ಲೈನಿನ ನಡುವೆ ಇದ್ದರೆ, ಒಂದೇ ಯಂತ್ರದಲ್ಲಿ ಹಲವು ಉತ್ಪನ್ನಗಳು ಬಂದು ಸೆಟಪ್ ಸಮಯ ಅವುಗಳ ಕ್ರಮದ ಮೇಲೆ ನಿಂತಿದ್ದರೆ, ಸಿಮ್ಯುಲೇಶನ್‌ಗೆ ಬೇಕಾದ ವಾರಗಳನ್ನು ಕೊಟ್ಟುಬಿಡಿ. ಯೋಜನೆಯ ಒಟ್ಟು ಖರ್ಚಿನ ಮುಂದೆ ಅದು ಚಿಕ್ಕ ಮೊತ್ತ.

ಪ್ರಶ್ನೆ ಲೀಡ್ ಟೈಮ್‌ನ (ಆರ್ಡರ್ ಬಂದಾಗಿನಿಂದ ಮಾಲು ಹೊರಡುವವರೆಗಿನ ಸಮಯದ) ಬಗ್ಗೆ ಇದ್ದರೂ ತಕ್ಕಡಿ ಸಿಮ್ಯುಲೇಶನ್‌ನತ್ತ ವಾಲುತ್ತದೆ. ಒಟ್ಟು ಎಷ್ಟು ಬರುತ್ತದೆ ಎಂಬುದನ್ನು ಹಾಳೆ ಸುಮಾರಾಗಿ ಹೇಳೀತು. ನೂರರಲ್ಲಿ 95 ಆರ್ಡರುಗಳು ಹೇಳಿದ ದಿನದೊಳಗೆ ಹೊರಡುತ್ತವೆಯೇ ಎಂಬುದಕ್ಕೆ ಸರಾಸರಿಯಿಂದ ಉತ್ತರ ಬಾರದು, ಅದಕ್ಕೆ ಇಡೀ ಹಂಚಿಕೆ ಬೇಕು.

ಎರಡು ಸಂದರ್ಭಗಳಲ್ಲಿ ಮಾತ್ರ ಬೇಕೆನಿಸಿದರೂ ಸಿಮ್ಯುಲೇಶನ್ ಬೇಡ ಎನ್ನುತ್ತೇನೆ. ನಿರ್ಧಾರ ನಾಳೆಯೇ ಆಗಬೇಕಿದ್ದರೆ ಅವಸರದ ಮಾದರಿಗಿಂತ ಪ್ರಾಮಾಣಿಕ ಹಾಳೆ ಮೇಲು. ಅದರ ಉತ್ಪಾದನೆಯ ಅಂಕಿಯನ್ನು ಕೈಯಾರೆ ಕೆಳಗಿಳಿಸಿ ಬಳಸಿ. ನಿರ್ಧಾರ ಆಗಲೇ ಆಗಿಹೋಗಿದ್ದು, ಅದಕ್ಕೆ ಚಂದದ ಚಿತ್ರವಷ್ಟೇ ಬೇಕಾಗಿದ್ದರೆ ಯಾರ ಶ್ರಮವನ್ನೂ ಅದಕ್ಕೆ ಸುರಿಯಬೇಡಿ.

ಯಾವುದನ್ನು ಬಳಸಿದರೂ ಫಲಿತಾಂಶವನ್ನು ಒಂದೇ ಅಂಕಿಯಾಗಿ ಕೊಡಬೇಡಿ. "ಗಂಟೆಗೆ 49.73" ಎಂದು ಬರೆದ ವರದಿಗಿಂತ "ಗಂಟೆಗೆ 47ರಿಂದ 52, ರಿಪೇರಿ ಈಗಿನಷ್ಟೇ ಬೇಗ ಮುಗಿದರೆ" ಎಂಬ ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಮಾದರಿಯ ಮೊದಲ ಪುಟದಲ್ಲಿ ಊಹೆಗಳು, ಮಾಹಿತಿ ಸಂಗ್ರಹಿಸಿದ ದಿನಾಂಕ, ಕಟ್ಟಿದವರ ಹೆಸರು ಇರಲಿ. ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯುವ ಸಮಯ) ಬದಲಾದಾಗ, ಹೊಸ ಉತ್ಪನ್ನ ಸೇರಿದಾಗ, ಬಫರಿನ ಜಾಗವನ್ನು ಬೇರೆಯದಕ್ಕೆ ಕೊಟ್ಟಾಗ ಅದೇ ಪುಟ ತೆರೆದು ಊಹೆಗಳನ್ನು ತಿದ್ದಿ, ಮಾದರಿಯನ್ನು ಹೊಸ ತಿಂಗಳ ಉತ್ಪಾದನೆಯೊಂದಿಗೆ ಇನ್ನೊಮ್ಮೆ ತಾಳೆ ನೋಡಬೇಕು. ತಾಳೆಯಾಗುವವರೆಗೆ ಹಳೆಯ ವರದಿಯ ಅಂಕಿಗಳನ್ನು ಯಾವ ಖರೀದಿಗೂ ಆಧಾರವಾಗಿ ಬಳಸಬೇಡಿ.